ಪ್ಲಾಸ್ಟಿಕ್ ಪೈಪಿನ ಸೀಟಿಗೊಳಲು: ಅದರ ರಚನೆ ಮತ್ತು ಶ್ರುತಿನಿರ್ಣಯ

೧. ವಿಷಯ ಪ್ರವೇಶ

ಊದುವ ವಾದ್ಯಗಳಲ್ಲಿ ಕಲಿಯುವವನಿಗೆ ಅತ್ಯಂತ ಸುಲಭವಾದುದು, ತುದಿಯನ್ನು ಬಾಯಲ್ಲಿಟ್ಟು ನೆಟ್ಟಗೆ ಊದುವ ಕೊಳಲು. ಅಡ್ಡಗೊಳಲಿನಲ್ಲಿ ಊದುವವನ ತುಟಿಯೇ ಉಸಿರನ್ನು ತೆಳ್ಳಗೆ ಮಾಡಿ ರಂಧ್ರದ ಅಂಚಿಗೆ ಗುರಿಯಿಡಬೇಕು. ಆ ಹದವು ಕೈಗೂಡಲು ತಿಂಗಳುಗಳು ಬೇಕಾಗುತ್ತವೆ. ನೆಟ್ಟಗೆ ಊದುವ ಕೊಳಲಿನಲ್ಲಾದರೋ ಈ ಕೆಲಸವನ್ನು ಒಂದು ಬಿರಡೆಯೂ ಒಂದು ಕಿರಿದಾದ ಗಂಡಿಯೂ ಸೇರಿ ನಿರ್ವಹಿಸುತ್ತವೆ. ಮಕ್ಕಳ ಸೀಟಿಯಲ್ಲಿರುವುದೂ ಇದೇ ತತ್ತ್ವವಾದುದರಿಂದ ಪ್ರಕೃತ ಲೇಖನದಲ್ಲಿ ಇದನ್ನು ಸೀಟಿಗೊಳಲು ಎಂದು ಕರೆಯಲಾಗಿದೆ.

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿ, ಮತ್ತು ಅದರ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಸೀಮೆಗೆ ಕೊಳಲಿನ ನಾದವು ಹೊಸದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ದೈವವಾದ ಮೈಲಾರಲಿಂಗನ ಒಕ್ಕಲಾದ ಗೊರವರು ಕರಡಿಯ ಕೂದಲಿನ ಕುಲಾವಿ ಧರಿಸಿ, ಡಮರುಗ ನುಡಿಸಿ, ಕೊಳಲೂದಿ ಕುಣಿಯುವರು. ಚಿತ್ರದುರ್ಗ, ತುಮಕೂರು ಸೀಮೆಗಳ ಕಾಡುಗೊಲ್ಲರಲ್ಲಿ ಗಣೆಯೆಂಬ ನೀಳವಾದ ಬಿದಿರುಗೊಳಲು ಪ್ರಸಿದ್ಧವಾಗಿದ್ದು, ಅವರ ವೀರನಾದ ಜುಂಜಪ್ಪನ ಕಾವ್ಯದೊಡನೆ ಅದರ ಹೆಸರು ಬೆಸೆದುಕೊಂಡಿದೆ. ಇಷ್ಟಿದ್ದರೂ ನಮ್ಮ ಕಾಲೇಜುಗಳಲ್ಲಿ ಧ್ವನಿಶಾಸ್ತ್ರವನ್ನು ಓದುವ ವಿದ್ಯಾರ್ಥಿಯು ತೆರೆದ ನಳಿಗೆಯ ಸೂತ್ರವನ್ನು ಬರೆದು ಅಂಕ ಪಡೆಯುತ್ತಾನೆಯೇ ಹೊರತು, ಆ ಸೂತ್ರದಿಂದ ಒಂದು ಕೊಳಲನ್ನು ಮಾಡಿ ಊದಿ ನೋಡುವುದು ವಿರಳ. ಕೊಳಲು ಬಲ್ಲವನಿಗೆ ಸೂತ್ರ ತಿಳಿಯದು. ಸೂತ್ರ ಬಲ್ಲವನಿಗೆ ಕೊಳಲು ತಿಳಿಯದು. ಮನೆ ಕಟ್ಟುವಲ್ಲಿ ಉಳಿದ ಒಂದು ಮೊಳದ ಪೈಪು ಈ ಎರಡು ಅರಿವುಗಳನ್ನು ಕೂಡಿಸಬಲ್ಲುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨. ಬಿದಿರೋ ಪ್ಲಾಸ್ಟಿಕ್ಕೋ

ಬಿದಿರನ್ನು ಬಿಟ್ಟು ಪ್ಲಾಸ್ಟಿಕ್ಕನ್ನು ಹಿಡಿಯುವುದು ರಸಹೀನವಾದ ಕಾರ್ಯವೆಂದು ಕೆಲವರಿಗೆ ತೋರಬಹುದು. ಈ ಆಕ್ಷೇಪವನ್ನು ಎರಡಾಗಿ ಬಿಡಿಸಿ ನೋಡಬೇಕು.

ಮೊದಲನೆಯದು ನಾದದ ಗುಣ. ಕೊಳಲಿನಲ್ಲಿ ಕಂಪಿಸುವುದು ಒಳಗಿನ ಗಾಳಿಯ ಕಂಬವೇ ಹೊರತು ಗೋಡೆಯಲ್ಲ. ಗೋಡೆಯು ಸಾಕಷ್ಟು ಗಟ್ಟಿಯಾಗಿದ್ದು ಒಳಮೈ ನಯವಾಗಿದ್ದರೆ, ಅದು ಯಾವ ವಸ್ತುವಿನದೆಂಬುದು ನಾದವನ್ನು ಅಷ್ಟಾಗಿ ಬದಲಿಸುವುದಿಲ್ಲ. ೧೯೭೧ರಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಕೋಲ್ಟ್‌ಮನ್ ಅವರು ಒಂದೇ ಅಳತೆಯ ಮೂರು ಕೊಳಲುಗಳನ್ನು ಬೆಳ್ಳಿ, ತಾಮ್ರ ಮತ್ತು ಮರದಿಂದ ಮಾಡಿಸಿ, ಮರೆಯಲ್ಲಿ ನುಡಿಸಿ ಪರೀಕ್ಷಿಸಿದಾಗ ಕೇಳುಗರಿಗೆ ಅವುಗಳ ಭೇದ ತಿಳಿಯಲಿಲ್ಲ. ನಾದವನ್ನು ನಿರ್ಣಯಿಸುವುದು ಅಳತೆ. ಅದರಲ್ಲಿಯೂ ಬಾಯಿಯ ಬಳಿಯ ಅಳತೆ.

ಎರಡನೆಯದು ಕಲಿಕೆಗೆ ಸಂಬಂಧಿಸಿದುದು, ಮತ್ತು ಇದೇ ನಮಗೆ ಮುಖ್ಯವಾದುದು. ಪ್ರತಿಯೊಂದು ಬಿದಿರಿನ ತುಂಡಿಗೂ ಅದರದೇ ಆದ ಒಳವ್ಯಾಸವಿದೆ. ಒಂದೇ ಗಣ್ಣಿನೊಳಗೂ ಅದು ಒಂದು ತುದಿಯಿಂದ ಇನ್ನೊಂದಕ್ಕೆ ಕಿರಿದಾಗುತ್ತ ಹೋಗಬಹುದು. ಆದುದರಿಂದ ಬಿದಿರಿನ ಕೊಳಲಿನಲ್ಲಿ ಸ್ವರ ತಪ್ಪಿದರೆ ಆ ತಪ್ಪು ಲೆಕ್ಕದ್ದೋ, ಕೈಯದೋ, ಬಿದಿರಿನದೋ ಎಂದು ವಿಂಗಡಿಸುವುದು ಹೊಸಬನಿಗೆ ಅಸಾಧ್ಯ. ನುರಿತ ಕುಶಲಿಯು ಒಂದೊಂದು ಬಿದಿರಿನ ಸ್ವಭಾವವನ್ನೂ ಅರಿತು ಅದಕ್ಕೆ ಒಲಿಯುವಂತೆ ರಂಧ್ರವಿಡುತ್ತಾನೆ. ಆ ಅರಿವನ್ನು ಕಾಗದದ ಮೇಲೆ ಬರೆದು ಇನ್ನೊಬ್ಬನಿಗೆ ಕೊಡಲಾಗದು. ಯಂತ್ರದಿಂದ ಬಂದ ಪೈಪು ಮೊದಲಿನಿಂದ ಕಡೆಯವರೆಗೆ ಒಂದೇ ವ್ಯಾಸದ್ದು. ಇಟ್ಟಿಗಿಯಲ್ಲಿ ಒಬ್ಬನು ಬರೆದಿಟ್ಟ ಅಳತೆಯನ್ನು ಕೊಟ್ಟೂರಿನಲ್ಲಿ ಇನ್ನೊಬ್ಬನು ಅದೇ ಪೈಪಿನ ಮೇಲೆ ಪರೀಕ್ಷಿಸಬಹುದು. ಪೈಪಿನ ತಪ್ಪೆಂಬುದು ಇಲ್ಲವಾದಾಗ ಉಳಿದ ತಪ್ಪುಗಳು ಓದಬಲ್ಲ ಅಕ್ಷರಗಳಂತೆ ಸ್ಪಷ್ಟವಾಗುತ್ತವೆ. ಪ್ಲಾಸ್ಟಿಕ್ಕಿನ ಹಿರಿಮೆ ಅದರ ನಾದದಲ್ಲಿಲ್ಲ, ಅದರ ಸಮತೆಯಲ್ಲಿದೆ.

೩. ನಾದವು ಹುಟ್ಟುವ ಬಗೆ

ಉಸಿರು ಬಿರಡೆಯ ಮೇಲಿನ ಕಿರಿದಾದ ಗಂಡಿಯಿಂದ ತೆಳುವಾದ ಪದರವಾಗಿ ಹೊರಬಂದು, ಪೈಪಿನಲ್ಲಿ ಕೊರೆದ ಚೌಕವಾದ ಕಿಟಕಿಯನ್ನು ದಾಟಿ, ಅದರ ಎದುರಂಚಿನಲ್ಲಿ ಹರಿತ ಮಾಡಿದ ಅಲಗನ್ನು ತಾಗುತ್ತದೆ. ಅಲ್ಲಿ ಈ ಪದರವು ಒಮ್ಮೆ ಒಳಕ್ಕೂ ಒಮ್ಮೆ ಹೊರಕ್ಕೂ ಹೊಯ್ದಾಡತೊಡಗುತ್ತದೆ. ಪೈಪಿನೊಳಗಿನ ಗಾಳಿಯ ಕಂಬಕ್ಕೆ ತನ್ನದೇ ಆದ ಕಂಪನಸಂಖ್ಯೆಯಿರುವುದರಿಂದ ಅದು ಈ ಹೊಯ್ದಾಟವನ್ನು ತನ್ನ ತಾಳಕ್ಕೆ ಒಗ್ಗಿಸಿಕೊಳ್ಳುತ್ತದೆ. ಹೀಗೆ ಪದರವು ಕಂಬಕ್ಕೆ ಶಕ್ತಿಯನ್ನೂ, ಕಂಬವು ಪದರಕ್ಕೆ ನಿಯಮವನ್ನೂ ಕೊಡುತ್ತ ನಾದವು ನಿಲ್ಲುತ್ತದೆ.

ಪೈಪಿನ ಕೆಳತುದಿ ತೆರೆದಿದೆ. ಮೇಲ್ಗಡೆ ಕಿಟಕಿಯೂ ತೆರೆದಿದೆ. ಆದುದರಿಂದ ಇದು ಎರಡೂ ಕಡೆ ತೆರೆದ ನಳಿಗೆ. ಎರಡೂ ತುದಿಗಳಲ್ಲಿ ಪ್ರಸ್ಪಂದ, ನಡುವೆ ಒಂದು ನಿಸ್ಪಂದ. ಧ್ವನಿಯ ವೇಗವನ್ನು ನಳಿಗೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಮೂಲಸ್ವರದ ಕಂಪನಸಂಖ್ಯೆ ಬರುತ್ತದೆ. ಉಸಿರನ್ನು ಬಲಪಡಿಸಿದರೆ ಕಂಬವು ಎರಡು ಸಮಭಾಗಗಳಾಗಿ ಕಂಪಿಸಿ ಮೇಲಿನ ಸ್ಥಾಯಿಯ ಅದೇ ಸ್ವರ ಹೊಮ್ಮುತ್ತದೆ. ಆರು ರಂಧ್ರಗಳಿಂದಲೇ ಎರಡು ಸ್ಥಾಯಿಗಳು ದೊರೆಯುವುದು ಇದರಿಂದ.

ಇಲ್ಲಿ ಪಠ್ಯಪುಸ್ತಕದ ಸೂತ್ರವು ಹೇಳುವ ಉದ್ದವು ಪೈಪಿನ ಉದ್ದವಲ್ಲವೆಂಬುದನ್ನು ಗಮನಿಸತಕ್ಕದ್ದು. ಗಾಳಿಯ ಕಂಪನವು ತುದಿಯಲ್ಲಿಯೇ ನಿಲ್ಲದೆ ಕೊಂಚ ಹೊರಗೂ ಚಾಚುತ್ತದೆ. ತೆರೆದ ತುದಿಯಲ್ಲಿ ಈ ಹೆಚ್ಚಳವು ಒಳತ್ರಿಜ್ಯದ ಸುಮಾರು ೦.೬ ಭಾಗ. ಕಿಟಕಿಯು ಪೈಪಿನ ಬಾಯಿಗಿಂತ ತೀರ ಕಿರಿದಾದುದರಿಂದ ಅಲ್ಲಿನ ಹೆಚ್ಚಳ ಇದಕ್ಕಿಂತ ಬಹಳ ದೊಡ್ಡದು. ಈ ಎರಡನ್ನೂ ಕಳೆದ ಮೇಲೆಯೇ ಪೈಪನ್ನು ಕತ್ತರಿಸಬೇಕಾದ ಉದ್ದ ತಿಳಿಯುವುದು.

೪. ಷಡ್ಜದ ಆಯ್ಕೆ

ಕೊಳಲಿಗೆ ಯಾವ ಷಡ್ಜವನ್ನು ಗೊತ್ತುಮಾಡಬೇಕು? ಇದಕ್ಕೆ ಕಾಲೇಜಿನ ಪ್ರಯೋಗಶಾಲೆಯೇ ಉತ್ತರವನ್ನಿಟ್ಟುಕೊಂಡಿದೆ. ಭೌತವಿಜ್ಞಾನದ ಕಪಾಟಿನಲ್ಲಿರುವ ಶ್ರುತಿಕವೆಗಳ ಪೆಟ್ಟಿಗೆಯನ್ನು ತೆರೆದರೆ ಕವೆಗಳ ಮೇಲೆ ೨೫೬, ೨೮೮, ೩೨೦, ೩೪೧, ೩೮೪, ೪೨೬, ೪೮೦, ೫೧೨ ಎಂಬ ಸಂಖ್ಯೆಗಳು ಕೆತ್ತಿರುತ್ತವೆ. ಇವುಗಳನ್ನು ಮೊದಲನೆಯದರಿಂದ ಭಾಗಿಸಿ ನೋಡಿದರೆ ೧, ೯/೮, ೫/೪, ೪/೩, ೩/೨, ೫/೩, ೧೫/೮, ೨ ಎಂಬ ಪ್ರಮಾಣಗಳು ದೊರೆಯುತ್ತವೆ. ೩೪೧, ೪೨೬ ಎಂಬ ಅಂಕಗಳು ೩೪೧.೩, ೪೨೬.೭ ಎಂಬವುಗಳ ಮೊಟಕು. ಸ-ರಿ-ಗ-ಮ-ಪ-ದ-ನಿ-ಸ ಎಂಬ ಶುದ್ಧಸ್ವರಗಳ ಮೇಳವೇ ಇದು. ಕರ್ನಾಟಕ ಪದ್ಧತಿಯಲ್ಲಿ ಶಂಕರಾಭರಣ, ಹಿಂದೂಸ್ತಾನಿ ಪದ್ಧತಿಯಲ್ಲಿ ಬಿಲಾವಲ್. ಸಂಗೀತದ ತರಗತಿಯೇ ಇಲ್ಲದ ಕಾಲೇಜಿನಲ್ಲಿಯೂ ಒಂದು ರಾಗದ ಸ್ವರಗಳು ಉಕ್ಕಿನಲ್ಲಿ ಎರಕವಾಗಿ ಕಪಾಟಿನೊಳಗೆ ಕುಳಿತಿವೆ ಎಂದಾಯಿತು.

ಆದುದರಿಂದ ಎಲ್ಲ ರಂಧ್ರಗಳನ್ನೂ ಮುಚ್ಚಿದಾಗ ಸೆಕೆಂಡಿಗೆ ೫೧೨ ಕಂಪನಗಳ ಷಡ್ಜವು ಬರುವಂತೆ ಕೊಳಲನ್ನು ಮಾಡುವುದು ಅನುಕೂಲ. ಆಗ ಉಳಿದ ಸ್ವರಗಳು ಅನುಕ್ರಮವಾಗಿ ೫೭೬, ೬೪೦, ೬೮೨.೭, ೭೬೮, ೮೫೩.೩, ೯೬೦ ಆಗಬೇಕು. ಪ್ರತಿಯೊಂದೂ ಪೆಟ್ಟಿಗೆಯ ಒಂದೊಂದು ಕವೆಯ ಮೇಲಿನ ಸ್ಥಾಯಿ.

೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೩೪೬ ಮೀಟರು. ಇದನ್ನು ೧೦೨೪ರಿಂದ ಭಾಗಿಸಿದರೆ ೩೩೮ ಮಿ.ಮೀ. ಆಗುತ್ತದೆ. ಇದು ಧ್ವನಿಯ ಲೆಕ್ಕದ ಉದ್ದ. ಹೊರವ್ಯಾಸ ೨೦ ಮಿ.ಮೀ., ಒಳವ್ಯಾಸ ೧೭ ಮಿ.ಮೀ. ಇರುವ ಪೈಪಿನಲ್ಲಿ ಕೆಳತುದಿಯ ಹೆಚ್ಚಳ ಸುಮಾರು ೫ ಮಿ.ಮೀ.; ೧೦ ಮಿ.ಮೀ. ಅಗಲ, ೫ ಮಿ.ಮೀ. ಉದ್ದದ ಕಿಟಕಿಯ ಹೆಚ್ಚಳ ಸುಮಾರು ೨೪ ಮಿ.ಮೀ. ಎರಡನ್ನೂ ಕಳೆದರೆ ಅಲಗಿನಿಂದ ಕೆಳತುದಿಯವರೆಗೆ ಸುಮಾರು ೩೦೯ ಮಿ.ಮೀ. ಉಳಿಯುತ್ತದೆ. ಪೈಪಿನ ಒಳವ್ಯಾಸವು ತಯಾರಿಕೆಯಿಂದ ತಯಾರಿಕೆಗೆ ಬೇರೆಯಾಗುವುದರಿಂದ ಮೊದಲು ವರ್ನಿಯರ್ ಕ್ಯಾಲಿಪರಿನಿಂದ ಅಳೆದು, ಲೆಕ್ಕವನ್ನು ತಿದ್ದಿಕೊಳ್ಳತಕ್ಕದ್ದು.

೫. ರಚನಾಕ್ರಮ

ಕುಡಿಯುವ ನೀರಿಗಾಗಿ ಮಾಡಿದ ಹೊಸ ಪೈಪನ್ನೇ ಆರಿಸಬೇಕು. ಔಷಧಿ ಸಿಂಪಡಿಸಿದ, ಚರಂಡಿಗೆ ಬಳಸಿದ ಪೈಪುಗಳು ಸರ್ವಥಾ ಕೂಡವು. ಪಿ.ವಿ.ಸಿ. ತಯಾರಿಕೆಯಲ್ಲಿ ಸೀಸದ ಸಂಯುಕ್ತಗಳನ್ನು ಬೆರೆಸುವ ಪದ್ಧತಿಯಿದ್ದು, ಅದನ್ನು ತಡೆಯುವ ನಿಯಮಗಳು ನಮ್ಮ ದೇಶದಲ್ಲಿ ೨೦೨೧ರಲ್ಲಿ ಬಂದುದರಿಂದ ಹಳೆಯ ಪೈಪನ್ನು ಬಾಯಿಗಿಡದಿರುವುದು ಲೇಸು. ಪೈಪನ್ನು ಬೆಂಕಿಗೆ ಹಿಡಿದು ಬಾಗಿಸುವುದಾಗಲಿ, ಕಾದ ಕಬ್ಬಿಣದಿಂದ ರಂಧ್ರ ಸುಡುವುದಾಗಲಿ ಸಲ್ಲದು. ಬಿದಿರಿಗೆ ಒಪ್ಪುವ ಈ ವಿಧಾನದಿಂದ ಇಲ್ಲಿ ಹೈಡ್ರೋಜನ್ ಕ್ಲೋರೈಡಿನ ಕಟುವಾದ ಹೊಗೆ ಏಳುತ್ತದೆ. ಅರ ಹಾಕುವಾಗ ಪೈಪನ್ನು ಒದ್ದೆ ಮಾಡಿಕೊಂಡರೆ ಪುಡಿಯು ಮೂಗಿಗೆ ಏರುವುದಿಲ್ಲ.

ಪೈಪನ್ನು ಮೊದಲು ೩೬೦ ಮಿ.ಮೀ. ಉದ್ದಕ್ಕೆ ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಿ, ತುದಿಗಳನ್ನು ಉಪ್ಪುಕಾಗದದಿಂದ ತಿಕ್ಕಿ ನೇರ ಮಾಡಬೇಕು. ಮೇಲ್ತುದಿಯಿಂದ ೩೦ ಮಿ.ಮೀ. ಬಿಟ್ಟು, ೧೦ ಮಿ.ಮೀ. ಅಗಲ, ೫ ಮಿ.ಮೀ. ಉದ್ದದ ಕಿಟಕಿಯನ್ನು ಗುರುತಿಸಿ, ಸಣ್ಣ ಬೈರಿಗೆಯಿಂದ ತೂತು ಹಾಕಿ, ಚಪ್ಪಟೆ ಅರದಿಂದ ಚೌಕ ಮಾಡಬೇಕು. ಬಾಯಿಯ ಕಡೆಯ ಅಂಚು ಲಂಬವಾಗಿ ನಿಲ್ಲಬೇಕು. ಅದರ ಎದುರಂಚನ್ನು ಹೊರಗಿನಿಂದ ಇಳಿಜಾರಾಗಿ ಅರೆದು ಅಲಗು ಮಾಡಬೇಕು. ಅಲಗಿನ ಒಳಬದಿಯಲ್ಲಿ ಸಿಬಿರು ಉಳಿದರೆ ನಾದದಲ್ಲಿ ಉಸಿರಿನ ಸದ್ದು ಬೆರೆಯುತ್ತದೆ. ಅದನ್ನು ಬೆರಳಿಗೆ ಸುತ್ತಿದ ಉಪ್ಪುಕಾಗದದಿಂದ ಮೆಲ್ಲನೆ ತೆಗೆಯಬೇಕು.

ಬಿರಡೆಗೆ ಗಟ್ಟಿಮರದ ದುಂಡನೆಯ ತುಂಡು ಬೇಕು. ಅದು ಪೈಪಿನೊಳಗೆ ಬಿಗಿಯಾಗಿ ಕೂರುವಂತಿದ್ದು, ೩೦ ಮಿ.ಮೀ. ಉದ್ದವಿರಬೇಕು. ಅದರ ಮೇಲ್ಭಾಗವನ್ನು ಉದ್ದಕ್ಕೂ ಚಪ್ಪಟೆಯಾಗಿ ಕೆತ್ತಿದರೆ, ಆ ಚಪ್ಪಟೆಗೂ ಪೈಪಿನ ಒಳಬಾಗಿಗೂ ನಡುವೆ ಉಳಿಯುವ ಎಡೆಯೇ ಉಸಿರುಗಂಡಿ. ಎಷ್ಟು ಕೆತ್ತಬೇಕೆಂಬುದನ್ನು ರೇಖಾಗಣಿತವೇ ಹೇಳುತ್ತದೆ: ೧೭ ಮಿ.ಮೀ. ವ್ಯಾಸದ ವೃತ್ತದಲ್ಲಿ ೧೦ ಮಿ.ಮೀ. ಉದ್ದದ ಜ್ಯಾವನ್ನೆಳೆದರೆ ಅದರ ಮೇಲಿನ ಕಮಾನಿನ ಎತ್ತರ ೧.೬ ಮಿ.ಮೀ. ಆದುದರಿಂದ ಚಪ್ಪಟೆಯ ಅಗಲವು ೧೦ ಮಿ.ಮೀ. ಆಗುವವರೆಗೆ ಕೆತ್ತಿದರೆ ಗಂಡಿಯ ಎತ್ತರವನ್ನು ಬೇರೆಯಾಗಿ ಅಳೆಯಬೇಕಾದುದಿಲ್ಲ. ಬಿರಡೆಯ ಒಳತುದಿಯು ಕಿಟಕಿಯ ಲಂಬವಾದ ಅಂಚಿಗೆ ಸರಿಯಾಗಿ ಸೇರಬೇಕು. ಗಂಡಿಯ ಮೂಲಕ ಕಣ್ಣಿಟ್ಟು ನೋಡಿದರೆ ಅಲಗಿನ ತುದಿಯು ಬೆಳಕಿನ ಸೀಳಿನ ನಡುಮಟ್ಟದಲ್ಲಿ, ಇಲ್ಲವೆ ಅದಕ್ಕಿಂತ ಕೊಂಚ ಕೆಳಗೆ ಕಾಣಬೇಕು. ಸೀಟಿಗೊಳಲಿನ ಒಳ್ಳೆಯತನವೆಲ್ಲ ಈ ಒಂದು ನೋಟದಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ರಂಧ್ರಗಳನ್ನು ಕೊರೆಯುವ ಮೊದಲೇ ಪೈಪನ್ನು ಊದಿ ನೋಡತಕ್ಕದ್ದು. ಮೆಲ್ಲನೆ ಊದಿದಾಗ ಮೂಲಸ್ವರವು ತಟ್ಟನೆ ಹೊರಡಬೇಕು. ಬಲವಾಗಿ ಊದಿದಾಗ ಮೇಲಿನ ಸ್ಥಾಯಿಗೆ ನಿರಾಯಾಸವಾಗಿ ಏರಬೇಕು. ಬಾಯಿಯೇ ಕೆಟ್ಟಿದ್ದರೆ ಆರು ರಂಧ್ರಗಳು ಸೇರಿಯೂ ಅದನ್ನು ಸರಿಪಡಿಸಲಾರವು.

೬. ರಂಧ್ರಗಳ ಸ್ಥಾನ

ರಿಷಭದ ಪ್ರಮಾಣ ೯/೮ ಆದುದರಿಂದ ೩೦೯ ಮಿ.ಮೀ.ನ ಒಂಬತ್ತು ಪಾಲುಗಳಲ್ಲಿ ಎಂಟರಷ್ಟು ದೂರದಲ್ಲಿ, ಅಂದರೆ ಅಲಗಿನಿಂದ ೨೭೫ ಮಿ.ಮೀ.ನಲ್ಲಿ ರಂಧ್ರವಿಟ್ಟರೆ ರಿಷಭ ಬಂದೀತೆಂದು ವಿದ್ಯಾರ್ಥಿಯು ಸಹಜವಾಗಿ ಊಹಿಸುತ್ತಾನೆ. ಅಲ್ಲಿ ೮ ಮಿ.ಮೀ. ರಂಧ್ರವಿಟ್ಟರೆ ಲೆಕ್ಕದ ಪ್ರಕಾರ ಬರುವುದು ೫೭೬ ಅಲ್ಲ, ಸುಮಾರು ೫೪೬. ಶುದ್ಧ ರಿಷಭವಲ್ಲ, ಕೋಮಲ ರಿಷಭ! ಕಾರಣವೇನೆಂದರೆ, ರಂಧ್ರವು ಪೈಪಿಗಿಂತ ಕಿರಿದಾಗಿರುವಾಗ ಅದನ್ನು ತೆರೆಯುವುದು ಪೈಪನ್ನು ಅಲ್ಲಿಗೆ ಕತ್ತರಿಸಿದುದಕ್ಕೆ ಸಮವಲ್ಲ. ಗಾಳಿಯ ಸ್ವಲ್ಪ ಭಾಗ ರಂಧ್ರದಿಂದ ಹೊರಬಿದ್ದರೆ ಉಳಿದುದು ಇನ್ನೂ ಕೆಳಗಿನ ಪೈಪಿನಲ್ಲಿಯೇ ಸಾಗುತ್ತದೆ. ರಂಧ್ರವು ಕಿರಿದಾದಷ್ಟೂ, ಗೋಡೆಯು ದಪ್ಪವಾದಷ್ಟೂ ಪೈಪು ತನ್ನ ನಿಜಕ್ಕಿಂತ ಉದ್ದವಾಗಿರುವಂತೆ ವರ್ತಿಸುತ್ತದೆ. ಆದುದರಿಂದ ಪ್ರತಿಯೊಂದು ರಂಧ್ರವನ್ನೂ ಸರಳ ಲೆಕ್ಕವು ತೋರಿಸುವ ಜಾಗಕ್ಕಿಂತ ಬಾಯಿಯ ಕಡೆಗೆ ಸರಿಸಿ ಇಡಬೇಕಾಗುತ್ತದೆ.

ಈ ಅಂಶವನ್ನು ಸೇರಿಸಿಕೊಂಡು ೧೭ ಮಿ.ಮೀ. ಒಳವ್ಯಾಸ, ೧.೫ ಮಿ.ಮೀ. ಗೋಡೆಯ ಪೈಪಿಗೆ ಗಣಿಸಿದ ಅಂದಾಜು ಹೀಗಿದೆ. ದೂರವೆಲ್ಲ ಅಲಗಿನಿಂದ ರಂಧ್ರದ ನಡುವಿಗೆ.

ರಿಷಭ: ೨೫೫ ಮಿ.ಮೀ.; ಕಡೆಯ ರಂಧ್ರವ್ಯಾಸ ೮ ಮಿ.ಮೀ.
ಗಾಂಧಾರ: ೨೨೭ ಮಿ.ಮೀ.; ೮ ಮಿ.ಮೀ.
ಮಧ್ಯಮ: ೨೦೯ ಮಿ.ಮೀ.; ೬ ಮಿ.ಮೀ.
ಪಂಚಮ: ೧೮೨ ಮಿ.ಮೀ.; ೮ ಮಿ.ಮೀ.
ಧೈವತ: ೧೬೧ ಮಿ.ಮೀ.; ೮ ಮಿ.ಮೀ.
ನಿಷಾದ: ೧೩೮ ಮಿ.ಮೀ.; ೮ ಮಿ.ಮೀ.

ಮೇಲೆ ಕೊಟ್ಟಿರುವ ವ್ಯಾಸಗಳು ತಲುಪಬೇಕಾದ ಗುರಿಗಳೇ ಹೊರತು ಆರಂಭವಲ್ಲ. ಎಲ್ಲ ರಂಧ್ರಗಳನ್ನೂ ಮೊದಲು ೫ ಮಿ.ಮೀ. ಬೈರಿಗೆಯಿಂದಲೇ ಕೊರೆಯತಕ್ಕದ್ದು. ಅದರ ಕಾರಣ ಮುಂದಿನ ಭಾಗದಲ್ಲಿ ಸ್ಪಷ್ಟವಾಗುತ್ತದೆ.

೭. ಶ್ರುತಿಗೂಡಿಸುವ ವಿಧಾನ

ಈ ಕೆಲಸಕ್ಕೆಲ್ಲ ಒಂದೇ ಸೂತ್ರ: ತಗ್ಗಿದ ಸ್ವರವನ್ನು ಏರಿಸಬಹುದು; ಏರಿದ ಸ್ವರವನ್ನು ಇಳಿಸುವುದು ಕಷ್ಟ. ಪೈಪಿನ ತುದಿಯನ್ನು ತಿಕ್ಕಿದರೆ ಷಡ್ಜ ಏರುತ್ತದೆ. ರಂಧ್ರವನ್ನು ಅಗಲಿಸಿದರೆ ಅದರ ಸ್ವರ ಏರುತ್ತದೆ. ಎರಡರಲ್ಲಿಯೂ ನಾವು ವಸ್ತುವನ್ನು ಕಳೆಯುತ್ತೇವೆಯೇ ಹೊರತು ಕೂಡಿಸುವುದಿಲ್ಲ. ಮೀರಿ ಹೋದ ರಂಧ್ರದ ಅಂಚಿಗೆ ಜೇನುಮೇಣ ಮೆತ್ತಿ ಕೊಂಚ ಇಳಿಸಿಕೊಳ್ಳಬಹುದಾದರೂ ಅದು ಆಪತ್ಕಾಲದ ಉಪಾಯ. ಆದುದರಿಂದ ಎಲ್ಲ ಸ್ವರಗಳನ್ನೂ ತಗ್ಗಾಗಿಯೇ ಆರಂಭಿಸಿ ಕೆಳಗಿನಿಂದ ಮೇಲಕ್ಕೆ ಬರಬೇಕು.

ಮೊದಲು ಷಡ್ಜ. ೫೧೨ರ ಕವೆಯನ್ನು ರಬ್ಬರಿನ ಮೇಲೆ ತಟ್ಟಿ, ಅದರ ಕಾಲನ್ನು ಮೇಜಿಗೆ ಒತ್ತಿ ಹಿಡಿದು, ಕೊಳಲನ್ನು ಒಂದೇ ಸಮನಾದ ಉಸಿರಿನಿಂದ ಊದಬೇಕು. ಎರಡೂ ಕೂಡದಿದ್ದರೆ ನಾದವು ಅಲೆ ಅಲೆಯಾಗಿ ಏರಿಳಿಯುವುದು ಕೇಳುತ್ತದೆ. ಇವೇ ವಿಸ್ಪಂದಗಳು. ಸೆಕೆಂಡಿಗೆ ನಾಲ್ಕು ವಿಸ್ಪಂದಗಳಿದ್ದರೆ ನಾಲ್ಕು ಕಂಪನಗಳ ಅಂತರವಿದೆ. ಆದರೆ ಕೊಳಲು ಮೇಲೋ ಕೆಳಗೋ? ಉಸಿರನ್ನು ಕೊಂಚ ತಗ್ಗಿಸಿ ನೋಡಬೇಕು. ಮೆಲುವಾದ ಉಸಿರು ಸ್ವರವನ್ನು ಇಳಿಸುತ್ತದೆ. ಆಗ ವಿಸ್ಪಂದಗಳು ನಿಧಾನವಾದರೆ ಕೊಳಲು ಮೇಲಿದೆ, ಚುರುಕಾದರೆ ಕೆಳಗಿದೆ.

ರಂಧ್ರಗಳನ್ನು ಕೊರೆಯುವ ಮೊದಲು ಷಡ್ಜವನ್ನು ನಾಲ್ಕೈದು ಕಂಪನಗಳಷ್ಟು ತಗ್ಗಾಗಿ ಬಿಡತಕ್ಕದ್ದು. ಮುಚ್ಚಿದ ರಂಧ್ರವೂ ಪೈಪಿನ ಗೋಡೆಯಲ್ಲಿ ಒಂದು ಸಣ್ಣ ಗುಳಿಯೇ ಆದುದರಿಂದ ರಂಧ್ರಗಳು ಬಂದಂತೆ ಕೆಳಗಿನ ಸ್ವರಗಳು ಮತ್ತಷ್ಟು ಇಳಿಯುತ್ತವೆ. ಹೀಗಾಗಿ ಒಂದು ಸಲ ರಿಷಭದಿಂದ ನಿಷಾದದವರೆಗೆ ಹೋಗಿ, ಮತ್ತೆ ಮೊದಲಿನಿಂದ ಬಂದು ತಿದ್ದಬೇಕು. ಷಡ್ಜವನ್ನು ತುದಿಯಿಂದ ತಿಕ್ಕಿ ಕೂಡಿಸುವುದು ಕಡೆಯ ಕೆಲಸ.

ರಿಷಭಾದಿಗಳಿಗೆ ಕವೆಗಳು ಒಂದು ಸ್ಥಾಯಿ ಕೆಳಗಿವೆ. ಕವೆಯ ನಾದ ಬಹುಮಟ್ಟಿಗೆ ಶುದ್ಧವಾಗಿದ್ದು ಅದರಲ್ಲಿ ಮೇಲ್ಸ್ವರಗಳು ಕಡಿಮೆಯಿರುವುದರಿಂದ ಇಲ್ಲಿ ವಿಸ್ಪಂದವನ್ನು ನಂಬಲಾಗದು. ಸ್ಥಾಯಿಯ ಹೊಂದಿಕೆಯನ್ನು ಕಿವಿಯೇ ಹೇಳಬೇಕು. ಮೊಬೈಲ್ ಫೋನಿನಲ್ಲಿ ದೊರೆಯುವ ಶ್ರುತಿಮಾಪಕವು ಕಂಪನಸಂಖ್ಯೆಯನ್ನು ನೇರವಾಗಿ ತೋರಿಸುವುದು ನಿಜ. ಆದರೆ ಅದನ್ನು ಕಿವಿಯ ತೀರ್ಪಾದ ಮೇಲೆ ನೋಡುವುದು ಉತ್ತಮ. ಮೊದಲೇ ನೋಡಿದವನು ಮುಳ್ಳಿಗೆ ಊದುತ್ತಾನೆ, ಸ್ವರಕ್ಕೆ ಊದುವುದಿಲ್ಲ. ಉಸಿರಿನ ಬಲದಿಂದಲೇ ಒಂದು ಸ್ವರವು ಹಲವು ಕಂಪನಗಳಷ್ಟು ಏರಿಳಿಯಬಲ್ಲುದಾದುದರಿಂದ, ಅರಿವಿಲ್ಲದೆಯೇ ಉಸಿರನ್ನು ಬಾಗಿಸಿ ತಪ್ಪು ರಂಧ್ರವನ್ನು ಸರಿಯೆಂದು ಸಾಧಿಸಿಬಿಡುವ ಅಪಾಯವಿದೆ.

ಇದಕ್ಕಿಂತ ಸೊಗಸಾದ ಪರೀಕ್ಷೆಯೊಂದುಂಟು. ಭರತನ ನಾಟ್ಯಶಾಸ್ತ್ರದಲ್ಲಿ ಶ್ರುತಿಗಳನ್ನು ತಿಳಿಯಲು ಎರಡು ವೀಣೆಗಳ ಪ್ರಯೋಗ ಹೇಳಿದೆ. ಒಂದನ್ನು ಕದಲಿಸದೆ ಇಟ್ಟು, ಇನ್ನೊಂದನ್ನು ಬದಲಿಸುತ್ತ ಎರಡನ್ನೂ ಹೋಲಿಸಬೇಕು. ಅವೇ ಧ್ರುವವೀಣೆ, ಚಲವೀಣೆಗಳೆಂದು ಪ್ರಸಿದ್ಧವಾದುವು. ನಾವು ಎರಡು ಕೊಳಲುಗಳನ್ನು ಹೀಗೆಯೇ ಬಳಸಬಹುದು. ಒಬ್ಬ ವಿದ್ಯಾರ್ಥಿಯು ಸಿದ್ಧವಾದ ಕೊಳಲಿನಲ್ಲಿ ಮೇಲಿನ ಷಡ್ಜವನ್ನು (೧೦೨೪) ಹಿಡಿಯಲಿ; ಇನ್ನೊಬ್ಬನು ತಿದ್ದಬೇಕಾದ ಕೊಳಲಿನಲ್ಲಿ ಮೇಲಿನ ಗಾಂಧಾರವನ್ನು ಊದಲಿ. ಎರಡೂ ಗಟ್ಟಿಯಾಗಿ ಮೊಳಗಿದಾಗ ಯಾರೂ ಊದದ ಮೂರನೆಯ ಸ್ವರವೊಂದು ಕೆಳಗಿನಿಂದ ಗುಂಯ್‌ಗುಡುವುದು ಕೇಳಿಸುತ್ತದೆ. ಅದರ ಕಂಪನಸಂಖ್ಯೆ ಎರಡರ ವ್ಯತ್ಯಾಸಕ್ಕೆ ಸಮ. ಗಾಂಧಾರವು ೧೨೮೦ ಆಗಿದ್ದರೆ ಆ ಮೂರನೆಯ ಸ್ವರ ೨೫೬, ಅಂದರೆ ಪೆಟ್ಟಿಗೆಯ ಮೊದಲನೆಯ ಕವೆಯೇ! ಹಾರ್ಮೋನಿಯಮ್ಮಿನಂತೆ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ ಪಡೆದ ಗಾಂಧಾರವಾದರೆ ಅದು ೧೨೯೦ ಆಗಿ, ಮೂರನೆಯ ಸ್ವರ ೨೬೬ಕ್ಕೆ ಏರಿ ಷಡ್ಜದಿಂದ ತಪ್ಪಿಹೋಗುತ್ತದೆ. ಶುದ್ಧ ಗಾಂಧಾರಕ್ಕೂ ಹಾರ್ಮೋನಿಯಮ್ಮಿನ ಗಾಂಧಾರಕ್ಕೂ ಇರುವ ಭೇದವನ್ನು ಇಷ್ಟು ಅಗ್ಗವಾಗಿ, ಇಷ್ಟು ಸ್ಪಷ್ಟವಾಗಿ ಕೇಳಿಸುವ ಪ್ರಯೋಗ ಬೇರೆ ದೊರೆಯುವುದು ಕಷ್ಟ.

೮. ಉಷ್ಣತೆಯ ಪ್ರಭಾವ

ನಮ್ಮ ಸೀಮೆಯಲ್ಲಿ ಚಳಿಗಾಲದ ಬೆಳಗಿಗೂ ಬೇಸಗೆಯ ಮಧ್ಯಾಹ್ನಕ್ಕೂ ಉಷ್ಣತೆಯ ಅಂತರ ಬಹಳ. ೧೫ ಡಿಗ್ರಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರಾದರೆ ೪೦ ಡಿಗ್ರಿಯಲ್ಲಿ ೩೫೫. ೨೫ ಡಿಗ್ರಿಯಲ್ಲಿ ೫೧೨ಕ್ಕೆ ಕೂಡಿಸಿದ ಕೊಳಲು ಮೊದಲನೆಯ ಸಂದರ್ಭದಲ್ಲಿ ೫೦೩ಕ್ಕೆ ಇಳಿದು, ಎರಡನೆಯದರಲ್ಲಿ ೫೨೫ಕ್ಕೆ ಏರುತ್ತದೆ. ಇದು ಒಂದು ಅರ್ಧಸ್ವರದ ಮುಕ್ಕಾಲು ಪಾಲಿನಷ್ಟು. ಊದುವವನ ಬಿಸಿಯುಸಿರು ಒಳಗಾಳಿಯನ್ನು ಬೆಚ್ಚಗಾಗಿಸಿ ಈ ಅಂತರವನ್ನು ಕೊಂಚ ತಗ್ಗಿಸುವುದಾದರೂ ಪೂರ್ತಿಯಾಗಿ ಅಳಿಸುವುದಿಲ್ಲ. ಉಕ್ಕಿನ ಕವೆಯಾದರೋ ಹೆಚ್ಚು ಕಡಮೆ ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಕೊಳಲನ್ನು ಕೆಲವು ನಿಮಿಷ ಊದಿ ಬೆಚ್ಚಗಾದ ಮೇಲೆಯೇ ಶ್ರುತಿ ನೋಡಬೇಕು. ಪ್ರತಿಸಲವೂ ಉಷ್ಣತೆಯನ್ನು ಬರೆದಿಡಬೇಕು.

ಇಲ್ಲಿ ಸಮಾಧಾನದ ಸಂಗತಿಯೊಂದಿದೆ. ಉಷ್ಣತೆಯಿಂದ ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಏರುತ್ತವೆ, ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ. ಸಂಖ್ಯೆಗಳು ಬದಲಾದರೂ ಸಂಬಂಧಗಳು ಬದಲಾಗುವುದಿಲ್ಲ. ೫೨೫ರ ಷಡ್ಜಕ್ಕೆ ಅದರ ೩/೨ರಷ್ಟರ ಪಂಚಮವೇ ಜೊತೆಯಾಗುತ್ತದೆ. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ನಿಯತವಾದ ಸಂಖ್ಯೆಯಿಲ್ಲದೆ, ಹಾಡುವವನ ಕಂಠಕ್ಕೆ ಒಪ್ಪಿದುದೇ ಷಡ್ಜವಾಗುವುದರ ಔಚಿತ್ಯವು ಈ ಪೈಪಿನಿಂದ ಮನವರಿಕೆಯಾಗುತ್ತದೆ.

೯. ಒಂದು ರಂಧ್ರ, ಎರಡು ಸ್ವರ

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೆಯೂ ಲೆಕ್ಕದಿಂದ ಬಗೆಹರಿಯದ ಪ್ರಶ್ನೆಯೊಂದು ಉಳಿಯುತ್ತದೆ. ಹಿಂದೂಸ್ತಾನಿ ಬಾನ್ಸುರಿಯಲ್ಲಿ ಆರು ರಂಧ್ರಗಳನ್ನೂ ಮುಚ್ಚಿದಾಗ ಬರುವುದು ಷಡ್ಜವಲ್ಲ, ಮಂದ್ರ ಪಂಚಮ. ಮೇಲಿನ ಮೂರನ್ನು ಮುಚ್ಚಿ ಕೆಳಗಿನ ಮೂರನ್ನು ತೆರೆದಾಗ ಬರುವುದೇ ಷಡ್ಜ. ನಮ್ಮ ಸೀಟಿಗೊಳಲಿನಲ್ಲಿ ಹೀಗೆ ಬೆರಳಿಟ್ಟರೆ ಹಿಂದಿನ ಮಧ್ಯಮವು ಈಗ ಷಡ್ಜವಾಗುತ್ತದೆ. ಆರೂ ರಂಧ್ರಗಳನ್ನು ತೆರೆದರೆ ತೀವ್ರ ಮಧ್ಯಮ ಬರುತ್ತದೆ. ಶಂಕರಾಭರಣವು ಗ್ರಹಭೇದದಿಂದ ಕಲ್ಯಾಣಿಯಾಯಿತು, ಬಿಲಾವಲ್ ಮೇಳವು ಯಮನ್ ಆಯಿತು.

ಆದರೆ ಪ್ರಮಾಣಗಳನ್ನು ನೋಡಿದರೆ ಒಂದು ತೊಡಕು ಕಾಣುತ್ತದೆ. ಹೊಸ ಷಡ್ಜವು ೬೮೨.೭, ಅದರ ಕೆಳಗಿನ ಶುದ್ಧ ಧೈವತವು ೫೬೮.೯ ಆಗಬೇಕು. ನಾವು ರಿಷಭಕ್ಕೆಂದು ಕೂಡಿಸಿದ ಅದೇ ರಂಧ್ರವು ಕೊಡುವುದು ೫೭೬. ಎರಡರ ಅಂತರ ಸೆಕೆಂಡಿಗೆ ಏಳು ಕಂಪನಗಳು; ಪ್ರಮಾಣದಲ್ಲಿ ೮೧/೮೦. ಭರತನು ತನ್ನ ವೀಣೆಗಳ ಪ್ರಯೋಗದಲ್ಲಿ ಗುರುತಿಸಿದ ಪ್ರಮಾಣಶ್ರುತಿಯನ್ನು ಸಂಗೀತಶಾಸ್ತ್ರಜ್ಞರು ಸಾಮಾನ್ಯವಾಗಿ ಇದೇ ಪ್ರಮಾಣದಿಂದ ನಿರ್ದೇಶಿಸುತ್ತಾರೆ. ಒಂದೇ ರಂಧ್ರವು ಎರಡು ಷಡ್ಜಗಳಿಗೂ ಪೂರ್ಣವಾಗಿ ನಿಷ್ಠವಾಗಿರಲಾರದು. ಆದುದರಿಂದ ಕೊಳಲು ಮಾಡುವವನು ಅರವನ್ನು ಕೈಗೆತ್ತಿಕೊಳ್ಳುವ ಮೊದಲೇ, ಇದನ್ನು ಊದುವವನು ಯಾವುದನ್ನು ಷಡ್ಜವೆಂದು ಹಿಡಿಯುತ್ತಾನೆಂಬುದನ್ನು ನಿರ್ಧರಿಸಬೇಕು. ಎರಡನೆಯ ಪಕ್ಷವಾದರೆ ರಿಷಭದ ರಂಧ್ರವನ್ನು ೫೬೯ಕ್ಕೇ ನಿಲ್ಲಿಸಿ ಬಿಡಬೇಕು. ಉಳಿದ ಅಂತರವನ್ನು ವಾದಕನು ಉಸಿರಿನಿಂದಲೂ ಬೆರಳಿನ ಓರೆಯಿಂದಲೂ ತುಂಬುತ್ತಾನೆ.

೧೦. ಉಪಸಂಹಾರ

ಸರ್ ಸಿ. ವಿ. ರಾಮನ್ ಅವರು ೧೯೨೦ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ ನಮ್ಮ ಮೃದಂಗ, ತಬಲಗಳ ಮೇಲ್ಸ್ವರಗಳನ್ನು ಕುರಿತು ಬರೆದಾಗ, ಅವರ ಮುಂದಿದ್ದುದು ವಿದೇಶದಿಂದ ತರಿಸಿದ ಅಪೂರ್ವ ಸಲಕರಣೆಯಲ್ಲ, ದಿನವೂ ಕೇಳುವ ವಾದ್ಯಗಳು. ನಮ್ಮ ಕಾಲೇಜುಗಳಲ್ಲಿಯೂ ಈ ದಾರಿಯನ್ನು ಹಿಡಿಯಲು ಅಡ್ಡಿಯಿಲ್ಲ. ಒಂದು ತರಗತಿಯ ಹತ್ತು ಮಂದಿ ಹತ್ತು ಕೊಳಲುಗಳನ್ನು ಮಾಡಿ, ಒಳವ್ಯಾಸ, ಕಿಟಕಿಯ ಅಳತೆ, ರಂಧ್ರಗಳ ಸ್ಥಾನ ಮತ್ತು ವ್ಯಾಸ, ಉಷ್ಣತೆ, ದೊರೆತ ಕಂಪನಸಂಖ್ಯೆ ಇವುಗಳನ್ನು ಒಂದೇ ಕೋಷ್ಟಕದಲ್ಲಿ ಬರೆದಿಟ್ಟರೆ, ಮುಂದಿನ ವರ್ಷದ ತರಗತಿಯು ಅಲ್ಲಿಂದ ಮುಂದಕ್ಕೆ ಹೋಗಬಹುದು. ಕಿಟಕಿಯ ಹೆಚ್ಚಳಕ್ಕೆ ಮೇಲೆ ಕೊಟ್ಟಿರುವ ೨೪ ಮಿ.ಮೀ. ಎಂಬ ಅಂದಾಜನ್ನು ಹತ್ತು ಕೊಳಲುಗಳ ಅಳತೆಯಿಂದ ತಿದ್ದುವುದೇ ಒಂದು ಒಳ್ಳೆಯ ಸಂಶೋಧನಾಭ್ಯಾಸವಾದೀತು.

ಸೂತ್ರವು ನಮ್ಮನ್ನು ಸ್ವರದ ಹೊಸ್ತಿಲವರೆಗೆ ತಪ್ಪದೆ ಕರೆದೊಯ್ಯುತ್ತದೆ. ಎಷ್ಟು ಉದ್ದ, ಯಾವ ಜಾಗ, ಯಾವ ಕ್ರಮ ಎಂಬುದನ್ನು ಹೇಳುತ್ತದೆ; ಸ್ವರ ತಪ್ಪಿದಾಗ ಏಕೆ ತಪ್ಪಿತೆಂಬುದನ್ನೂ ಹೇಳುತ್ತದೆ. ಅರವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ಕಿವಿಯೇ ಹೇಳಬೇಕು. ಗೊರವರ ಕೊಳಲನ್ನೂ ಗೊಲ್ಲರ ಗಣೆಯನ್ನೂ ಮಾಡಿದ ಕೈಗಳಿಗೆ ಈ ಎರಡನೆಯ ಅರಿವು ತಲೆಮಾರುಗಳಿಂದ ಬಂದುದು. ಅದನ್ನು ಪಡೆದವರ ಬಳಿಗೆ ನಮ್ಮ ವಿದ್ಯಾರ್ಥಿಗಳು ತಾವೇ ಮಾಡಿದ ಒಂದು ಪೈಪಿನ ಕೊಳಲನ್ನು ಹಿಡಿದುಕೊಂಡು ಹೋದರೆ, ಕೇಳಬೇಕಾದ ಪ್ರಶ್ನೆಗಳು ಯಾವುವೆಂಬುದಾದರೂ ಅವರಿಗೆ ತಿಳಿದಿರುತ್ತದೆ.